ಇಂಗ್ಲಿಷ್ ವ್ಯಾಕರಣ: ಮೊದಲ ಪಾಠಗಳು

ಇಂಗ್ಲಿಷಿನಲ್ಲಿ ಪದಗಳನ್ನು ವಾಕ್ಯವಾಗಿ ಹೊಂದಿಸುವ ನಿಯಮಗಳ ವ್ಯವಸ್ಥೆ. ಕನ್ನಡದಲ್ಲಿ ಪ್ರತ್ಯಯಗಳು ಮಾಡುವ ಕೆಲಸದ ಬಹುಪಾಲನ್ನು ಇಲ್ಲಿ ಪದ ನಿಂತ ಜಾಗವೂ ಕೆಲವು ಪುಟ್ಟ ಪದಗಳೂ ಮಾಡುತ್ತವೆ. ‘ಗೀತಾಳನ್ನು ರಾಮು ಕರೆದ’ ಎಂದರೂ ‘ರಾಮು ಗೀತಾಳನ್ನು ಕರೆದ’ ಎಂದರೂ ಕರೆದವನು ರಾಮುವೇ. ದ್ವಿತೀಯಾ ವಿಭಕ್ತಿ ಅದನ್ನು ಹೇಳಿಬಿಡುತ್ತದೆ. ‘ರಾಮು ಕಾಲ್ಡ್ ಗೀತಾ’ ಎಂಬಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದರೆ ಕರೆದವರೇ ಬೇರೆಯಾಗುತ್ತಾರೆ. ಕರ್ತೃ, ಕ್ರಿಯಾಪದ, ಕರ್ಮ ಎಂಬ ಈ ಕ್ರಮವೇ ಮೊದಲು ಕಲಿಯಬೇಕಾದದ್ದು.

ಶಾಲಾ ವ್ಯಾಕರಣಗಳಲ್ಲಿ ಬಹಳಷ್ಟು ನಾಮಪದ, ಸರ್ವನಾಮ ಮುಂತಾದ ಎಂಟು ಪದವರ್ಗಗಳಿಂದ ಶುರುವಾಗುತ್ತವೆ. ಅದು ಲ್ಯಾಟಿನ್ ಬಿಟ್ಟುಹೋದ ಆಸ್ತಿ. ಇಂಗ್ಲಿಷಿನ ಮೊದಲ ವ್ಯಾಕರಣವೆನಿಸಿದ, ವಿಲಿಯಂ ಬುಲೋಕರ್ 1586ರಲ್ಲಿ ಪ್ರಕಟಿಸಿದ ಪುಸ್ತಿಕೆ ಲ್ಯಾಟಿನ್ ಮಾದರಿಯನ್ನೇ ಹಿಡಿದಿತ್ತು. ಈ ಅಚ್ಚು ಇಂಗ್ಲಿಷಿಗೆ ಒಗ್ಗದೆಂದು 1653ರ ತಮ್ಮ ವ್ಯಾಕರಣ ಪುಸ್ತಕದಲ್ಲಿ ತಕರಾರು ತೆಗೆದವರು ಗಣಿತಜ್ಞ ಜಾನ್ ವಾಲಿಸ್. ಆ ಪುಸ್ತಕವನ್ನು ಅವರು ಬರೆದದ್ದು ಲ್ಯಾಟಿನಿನಲ್ಲೇ! ಮುಂದೆ ರಾಬರ್ಟ್ ಲೌತ್ (1762), ಲಿಂಡ್ಲಿ ಮರ್ರೆ (1795) ಬರೆದ ವ್ಯಾಕರಣಗಳು ಸರಿತಪ್ಪುಗಳ ತೀರ್ಪಿಗೆ ಹೆಸರಾದವು. ಭಾರತದ ಹೈಸ್ಕೂಲುಗಳಲ್ಲಿ ಇವರ ಜಾಗಕ್ಕೆ ಬಂದದ್ದು ‘ರೆನ್ ಅಂಡ್ ಮಾರ್ಟಿನ್’. ಅದರ ಪಿ. ಸಿ. ರೆನ್ ಭಾರತದ ಶಿಕ್ಷಣ ಇಲಾಖೆಯಲ್ಲಿದ್ದವರು, ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯ ಕರ್ತೃ.

ಕನ್ನಡಿಗರನ್ನು ಹೆಚ್ಚು ಕಾಡುವುದು ‘ಎ’, ‘ಆನ್’, ‘ದಿ’ಗಳು. ‘ಒಂದೂರಿನಲ್ಲಿ ಒಬ್ಬ ರಾಜ, ಆ ರಾಜನಿಗೆ ಇಬ್ಬರು ಹೆಂಡಿರು’ ಎಂದು ಕಥೆ ಹೇಳುವಾಗ ಮೊದಲು ‘ಒಬ್ಬ’, ಆಮೇಲೆ ‘ಆ’ ಬರುತ್ತವಲ್ಲ, ‘ಎ ಕಿಂಗ್’, ‘ದಿ ಕಿಂಗ್’ ಹೆಚ್ಚುಕಡಿಮೆ ಅದೇ ಲೆಕ್ಕ. ಕನ್ನಡದಲ್ಲಿ ಅವನ್ನು ಎಷ್ಟೋ ಕಡೆ ಬಿಡಬಹುದು; ಇಂಗ್ಲಿಷಿನಲ್ಲಿ ಬಿಟ್ಟರೆ ಸಾಮಾನ್ಯವಾಗಿ ತಪ್ಪು. ‘ಎ’ ಅಥವಾ ‘ಆನ್’ ಎಂಬುದನ್ನು ನಿರ್ಧರಿಸುವುದು ಉಚ್ಚಾರಣೆಯೇ ಹೊರತು ಕಾಗುಣಿತವಲ್ಲ: ‘ಆನ್ ಅವರ್’, ಆದರೆ ‘ಎ ಯೂನಿವರ್ಸಿಟಿ’.

ಪ್ರಶ್ನೆ ಮತ್ತು ನಿಷೇಧಕ್ಕೆ ಬೇರೆ ಸಹಾಯಕ ಕ್ರಿಯಾಪದವಿಲ್ಲದಿದ್ದರೆ ‘ಡು’ ಬೇಕು. ಕಾಲದ ಹೊಣೆ ಅದಕ್ಕೆ ಹೋಗುವುದರಿಂದ ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ: ‘ಹಿ ವೆಂಟ್’, ‘ಹಿ ಡಿಡ್ ನಾಟ್ ಗೋ’. ‘ಡಿಡ್ ನಾಟ್ ವೆಂಟ್’ ಎನ್ನುವವರು ‘ಹೋದ’ ಎಂಬುದರ ನಿಷೇಧ ‘ಹೋಗಲಿಲ್ಲ’ ಎಂಬುದನ್ನು ನೆನೆದರೆ ಸಾಕು. ಅಲ್ಲೂ ‘ಹೋದ’ ಉಳಿಯುವುದಿಲ್ಲ. ಪುರುಷ, ವಚನಗಳ ಕಾಟವಂತೂ ಕನ್ನಡಕ್ಕಿಂತ ಕಡಿಮೆ. ವರ್ತಮಾನದಲ್ಲಿ ಹಿ, ಷಿ, ಇಟ್‌ಗಳ ಜತೆ ಒಂದು ‘ಸ್’ ಸೇರುತ್ತದೆ, ಅಷ್ಟೇ. ಆದರೂ ಬರೆಯುವಾಗ ಜಾರುವುದು ಅದೇ.

ಪುಸ್ತಕಗಳು ಹನ್ನೆರಡು ಕಾಲಗಳ ಕೋಷ್ಟಕ ಕೊಡುತ್ತವಾದರೂ ಕ್ರಿಯಾಪದವೇ ರೂಪ ಬದಲಿಸಿ ಸೂಚಿಸುವ ಕಾಲಗಳು ಎರಡೇ: ವರ್ತಮಾನ ಮತ್ತು ಭೂತ. ಉಳಿದವು ‘ವಿಲ್’, ‘ಹ್ಯಾವ್’, ‘ಬಿ’ಗಳ ನೆರವಿನಿಂದ ಆಗುವಂಥವು. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಮಾತ್ರ ಸಲ್ಲದು. ‘ಯೆಸ್ಟರ್‌ಡೇ’ಯಂಥ ಮುಗಿದ ಹೊತ್ತನ್ನು ಹೆಸರಿಸಿದೊಡನೆ ‘ಹ್ಯಾವ್’ ಜಾಗ ಖಾಲಿ ಮಾಡಿ, ‘ಐ ಸಾ ಹಿಮ್ ಯೆಸ್ಟರ್‌ಡೇ’ ಎಂದಾಗಬೇಕು.