ಓನಾಮದಿಂದ ಗರಗಸದವರೆಗೆ

ಗುರುಗುಂಟಾ ಸೀಮೆಯಲ್ಲಿ ಮಗುವಿಗೆ ಮೊದಲ ಅಕ್ಷರ ಬರೆಸುವ ಕೆಲಸ ಹಿಂದೆ ಯಾರ ಕೈಯಲ್ಲಿತ್ತು ಎಂದು ನಾನು ಕೇಳತೊಡಗಿದ್ದು, ಆ ಕೆಲಸ ನನ್ನ ಕೈಗೇ ಬಂದ ಮೇಲೆ. ನಾನು ಸಿಂಧನೂರು ಕಡೆಯವಳು, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಹೊಲಗಳ ನಡುವೆ ಬೆಳೆದವಳು. ಶಿಕ್ಷಕಿಯಾಗಿ ಈ ಸೀಮೆಗೆ, ಲಿಂಗಸುಗೂರು ತಾಲ್ಲೂಕಿನ ಸರ್ಕಾರಿ ಶಾಲೆಯೊಂದಕ್ಕೆ ಬಂದಾಗ ಒಂದನೇ ತರಗತಿ ವಹಿಸಿದರು. ಹೊಸದಾಗಿ ಬಂದವರಿಗೆ ಚಿಕ್ಕ ಮಕ್ಕಳು, ಅನುಭವಸ್ಥರಿಗೆ ಮೇಲಿನ ತರಗತಿ. ಈ ರೂಢಿ ಒಂದು ಶಾಲೆಯದಲ್ಲ, ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಇದೆ.

ಹೊರಗಿನವರಿಗೆ ಗುರುಗುಂಟಾ ಎಂದರೆ ಅಮರೇಶ್ವರ ಜಾತ್ರೆ, ಇಲ್ಲವೇ ಹಟ್ಟಿ ಚಿನ್ನದ ಗಣಿಯ ಹತ್ತಿರದ ಊರು. ನಿಜಾಮರ ಕಾಲದಲ್ಲಿ ಅದು ಗದ್ವಾಲ, ವನಪರ್ತಿ, ಆನೆಗೊಂದಿಗಳ ಸಾಲಿನಲ್ಲಿ ಹೆಸರಿದ್ದ ಪುಟ್ಟ ಸಂಸ್ಥಾನ. ನಾಯಕ ಮನೆತನ ಆಳುತ್ತಿತ್ತು, ನಿಜಾಮರಿಗೆ ಪೇಷ್ಕಶ್ ಎಂಬ ಕಪ್ಪ ಕಟ್ಟುತ್ತಿತ್ತು. ಲಿಂಗಸುಗೂರು ಆಗ ಪ್ರತ್ಯೇಕ ಜಿಲ್ಲೆ; ರಾಯಚೂರಿಗೆ ಸೇರಿದ್ದು 1905ರಲ್ಲಿ. ಇತ್ತ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಯ ಶಾಸನ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ತಿಳಿಸಿತು. ಎರಡು ಸಾವಿರ ವರ್ಷಕ್ಕೂ ಹಳೆಯ ಅಕ್ಷರ ಇಲ್ಲಿನ ಕಲ್ಲಿನ ಮೇಲಿದೆ. ಆದರೆ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ 59.56. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟೂ ಇರಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನೆದರೆ ನನಗೆ ಸಂಕಟವಾಗುತ್ತದೆ.

ನನ್ನ ತರಗತಿಯ ಹುಡುಗಿಯೊಬ್ಬಳನ್ನು ದಿನಾ ಶಾಲೆಗೆ ಬಿಡಲು ಬರುವ ಮುತ್ತಾತನಿಗೆ ತೊಂಬತ್ತರ ಹತ್ತಿರ ವಯಸ್ಸು. ಅವರು ಅಕ್ಷರ ಕಲಿತದ್ದು ಊರ ಮಕ್ಕಳಿಗೆ ಕಲಿಸುತ್ತಿದ್ದ ಐಗಳ ಹತ್ತಿರ. "ಸಾಲಿ ಅಂದ್ರ ಗುಡಿ ಪಡಸಾಲಿರೀ ಟೀಚರ್. ನೆಲದ ಮ್ಯಾಲ ಉಸುಕು ಹರವ್ತಿದ್ರು. ಐಗಳು ನಮ್ಮ ಬಳ್ಳು ಹಿಡದು ಓನಾಮ ತಿದ್ದಿಸೋರು. ಬಳ್ಳು ಉರಿತಿತ್ತು, ಅಕ್ಷರ ಮಾತ್ರ ಮರೀಲಿಲ್ಲ" ಎಂದು ತೋರುಬೆರಳು ಚಾಚಿ ತೋರಿಸಿದರು. ಉಸುಕಿನ ಮೇಲೆ ಕೈ ಕುದುರಿದ ಮೇಲೆ ಕಟ್ಟಿಗೆಯ ಹಲಗೆ, ಆಮೇಲೆ ಪಾಟಿ. ಸಂಜೆಗೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಒಪ್ಪಿಸಬೇಕು. ಐಗಳಿಗೆ ಸರ್ಕಾರದ ಸಂಬಳವಿಲ್ಲ. ಸುಗ್ಗಿಗೆ ಜೋಳ, ಅಮಾವಾಸ್ಯೆಗೆ ಎಣ್ಣೆ ಬೆಲ್ಲ. ಮಹಾನವಮಿಯಲ್ಲಿ ಹುಡುಗರು ಮನೆಮನೆಗೆ ಹೋಗಿ ಚೌಪದ ಹಾಡಿ ತಂದದ್ದು ಅವರಿಗೇ. ಶಿಕ್ಷೆ ಕಠಿಣ. ಹಗ್ಗಕ್ಕೆ ನೇತುಹಾಕುವ ಕೋದಂಡದ ಮಾತು ಬಂದಾಗ ಮುತ್ತಾತ ಈಗಲೂ ದನಿ ತಗ್ಗಿಸುತ್ತಾರೆ. ಹೆಣ್ಣುಮಕ್ಕಳು ಆ ಪಡಸಾಲಿ ಹತ್ತಲಿಲ್ಲ, ಕೇರಿಯ ಮಕ್ಕಳನ್ನು ಹತ್ತಗೊಡಲಿಲ್ಲ. ಹಾಗಾಗಿ ಆ ಕಾಲವನ್ನು ನಾನು ಹೊಗಳಲಾರೆ. ಒಂದು ವಿಷಯ ಮಾತ್ರ ಬೇರೆ: ಮಗುವಿನ ಬೆರಳು ಮೊದಲು ಹಿಡಿಯುವವನೇ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಗುರು ಎನ್ನಿಸಿಕೊಳ್ಳುತ್ತಿದ್ದ. ದಾರಿಯಲ್ಲಿ ಐಗಳು ಎದುರಾದರೆ ಗೌಡನೂ ಕುಂತ ಕಟ್ಟೆ ಬಿಟ್ಟು ಏಳುತ್ತಿದ್ದನಂತೆ.

ಐಗಳ ಓದು ಕಚೇರಿಯ ಬಾಗಿಲಿನವರೆಗೆ ಒಯ್ಯುತ್ತಿರಲಿಲ್ಲ. ಹೈದರಾಬಾದ್ ರಾಜ್ಯದಲ್ಲಿ 19ನೇ ಶತಮಾನದ ಕೊನೆಗೆ ಆಡಳಿತದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಬಂದಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಎಲ್ಲ ಶಾಸ್ತ್ರಗಳನ್ನೂ ಉರ್ದುವಿನಲ್ಲೇ ಕಲಿಸಿತು. ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯ ಎಂದು ತೋರಿಸಿದ ದೊಡ್ಡ ಕೆಲಸವದು. ಆದರೆ ಮನೆಯಲ್ಲಿ ಕನ್ನಡವಾಡುವ ಹಳ್ಳಿ ಹುಡುಗನಿಗೆ ಮೇಲಿನ ಮೆಟ್ಟಿಲು ದೂರವೇ ಉಳಿಯಿತು. ಆ ಹುಡುಗಿಯ ಮುತ್ತಾತ ಐಗಳಲ್ಲಿ ಓನಾಮ ತಿದ್ದಿ, ಸರ್ಕಾರಿ ಶಾಲೆಯಲ್ಲಿ ಅಲಿಫ್ ಬೇ ಹಿಡಿದು, 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆಯ ಬಳಿಕ ಮತ್ತೆ ಕನ್ನಡಕ್ಕೆ ಬಂದವರು. ಬಾಲ್ಯದಲ್ಲೇ ಎರಡು ಸಲ ಅಕ್ಷರ ಬದಲಿಸಿದ ಆ ತಲೆಮಾರಿನ ಎಷ್ಟೋ ಮಂದಿ ನಡುವೆಯೇ ಶಾಲೆ ಬಿಟ್ಟರು. 1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು.

ನಾನು ಕಲಿಸುವುದು ನಲಿ-ಕಲಿ ಪದ್ಧತಿಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ್ದಿದು. ತರಗತಿಯಲ್ಲಿ ನಿಂತವರೇ ರೂಪಿಸಿದ ಪದ್ಧತಿ ಎಂದು ನನಗೆ ಇದರ ಮೇಲೆ ಅಭಿಮಾನ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಿನ ಗುರುತಾದ ತಟ್ಟೆಗಳ ಪ್ರಕಾರ ನೆಲದ ಮೇಲೆ ಕೂರುತ್ತಾರೆ. ತಲೆಯ ಮೇಲೆ ದಾರಕ್ಕೆ ಅವರದೇ ಚಿತ್ರಗಳು ತೂಗುವ ಕಲಿಕಾ ಚಪ್ಪರ, ಗೋಡೆಯ ಬುಡದಲ್ಲಿ ಅವರ ಎತ್ತರಕ್ಕೇ ಬಳಿದ ಕಪ್ಪುಹಲಗೆ. ಅಕ್ಷರಗಳೂ ಅ ಆ ಎಂದು ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಗೀಟು ಸುಲಭ, ಐದೇ ಅಕ್ಷರದಲ್ಲಿ ಸರ, ಅರಸ, ಅಗಸ ಎಲ್ಲ ಓದಲು ಬರುತ್ತದೆ. ಮಳೆಗಾಲ ಮುಗಿಯುವ ಮುಂಚೆ ಬಡಗಿಯ ಮನೆಯ ಹುಡುಗನೊಬ್ಬ 'ಗರಗಸ' ಎಂದು ಕೂಡಿಸಿ ಓದಿ, ಬಳಪ ಕೆಳಗಿಟ್ಟು, "ಟೀಚರ್ರೀ, ಇದು ನಮ್ ಮನ್ಯಾಗ ಐತ್ರಿ!" ಎಂದು ಎದ್ದು ನಿಂತ. ಪಕ್ಕದವರೆಲ್ಲ ಅವನ ಪಾಟಿಗೆ ಮುಗಿಬಿದ್ದರು.

ಎಲ್ಲರಿಗೂ ಅಷ್ಟು ಬೇಗ ದಾರಿ ಸಿಗುವುದಿಲ್ಲ. ಲಂಬಾಣಿ ತಾಂಡಾದಿಂದ ಬರುವ ಮಕ್ಕಳು ಅವ್ವನನ್ನು ಯಾಡಿ ಎಂದು, ರೊಟ್ಟಿಯನ್ನು ಬಾಟಿ ಎಂದು ಕರೆದು ಬೆಳೆದವರು. ಅವರ ಮಾತು ನಾನು ಕಲಿಯುವವರೆಗೆ ಅವರು ನನ್ನ ಮಾತಿಗೆ ಬಾಯಿ ಬಿಡಲಿಲ್ಲ. 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲೇ ಮೊದಲು ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಬಹಳ ಮಕ್ಕಳನ್ನು ಶಾಲೆಯಲ್ಲಿ ಉಳಿಸಿದೆ. ಆದರೂ ಸುಗ್ಗಿ ಮುಗಿದು ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೊರಟರೆ ಮಗುವೂ ಹೊರಡುತ್ತದೆ. ಮರಳಿ ಬರುವಷ್ಟರಲ್ಲಿ ಕಲಿತ ಅಕ್ಷರ ಅಳಿಸಿರುತ್ತದೆ. ಮತ್ತೆ ರ ಗ ಸ ದ ಅ.

ಇಂಥ ಮಗುವನ್ನು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಎತ್ತಿಕೊಳ್ಳುವುದಕ್ಕೆ ವರ್ಷಗಳ ಅನುಭವ ಬೇಕು. ಆ ಅನುಭವ ಇರುವವರು ಎಷ್ಟೋ ಶಾಲೆಗಳಲ್ಲಿ ಇದ್ದಾರೆ, ಮೇಲಿನ ತರಗತಿಗಳಲ್ಲಿ. ಈ ತರಗತಿಯನ್ನು ಬಿಟ್ಟುಕೊಡಲೆಂದು ನಾನು ಹೀಗೆ ಹೇಳುತ್ತಿಲ್ಲ. ಇಲ್ಲೇ ಇದ್ದು ಹಳಬಳಾಗುವ ಆಸೆ ನನ್ನದು. ಓದುವ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ಹೋದಾಗ ಕಾಂಪೌಂಡು, ಶೌಚಾಲಯದ ಜೊತೆಗೆ ಇದನ್ನೂ ಕೇಳಿ, ನಮ್ಮೂರ ಶಾಲೆಯ ಒಂದನೇ ತರಗತಿಗೆ ಯಾರು ಕಲಿಸುತ್ತಾರೆ, ಅವರನ್ನು ಅಲ್ಲೇ ಎಷ್ಟು ವರ್ಷ ಉಳಿಸಿಕೊಳ್ಳುತ್ತೀರಿ ಎಂದು.