ಎಡೆದೊರೆಯಲ್ಲಿ ವಿಹಾರಯಾತ್ರೆ

ಮಸ್ಕಿಯ ಹೆಸರನ್ನು ಚರಿತ್ರೆಯ ಪುಸ್ತಕದಲ್ಲಿ ಓದದೆ ಶಾಲೆ ದಾಟಿದವರು ಕಡಿಮೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನೊಬ್ಬ ಅಲ್ಲಿಯ ಗುಡ್ಡದಲ್ಲಿ ಕಂಡ ಬಂಡೆಯ ಬರಹವು, ಅದುವರೆಗೆ ‘ದೇವಾನಾಂಪ್ರಿಯ’ನೆಂದಷ್ಟೇ ಗೊತ್ತಿದ್ದ ಅರಸನು ಅಶೋಕನೇ ಎಂಬುದನ್ನು ಖಚಿತಪಡಿಸಿತು. ಆ ಅರಸನಿಗೆ ಪ್ರವಾಸದ ವಿಷಯದಲ್ಲಿಯೂ ಒಂದು ಅಭಿಪ್ರಾಯವಿತ್ತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ತುಂಗಭದ್ರೆಯ ಆಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ಹದಿನಾಲ್ಕು ಬಂಡೆಗಲ್ಲು ಶಾಸನಗಳಿವೆ. ಅವುಗಳಲ್ಲಿ ಎಂಟನೆಯದರಲ್ಲಿ, ಹಿಂದಿನ ಅರಸರು ಬೇಟೆಗೂ ಮೋಜಿಗೂ ವಿಹಾರಯಾತ್ರೆ ಹೊರಡುತ್ತಿದ್ದರೆಂದೂ, ತಾನು ಪಟ್ಟಕ್ಕೆ ಬಂದು ಹತ್ತು ವರ್ಷವಾದ ಮೇಲೆ ಬೋಧಿವೃಕ್ಷದ ಸ್ಥಳಕ್ಕೆ ಹೋಗಿ ಧರ್ಮಯಾತ್ರೆಯನ್ನು ಆರಂಭಿಸಿದುದಾಗಿಯೂ ಅವನು ಹೇಳಿಕೊಂಡಿದ್ದಾನೆ. ಈ ಹೊಸ ಬಗೆಯ ಯಾತ್ರೆಯಲ್ಲಿ ತನಗೆ ಹೆಚ್ಚು ಸಂತೋಷವುಂಟೆಂದು ಸೇರಿಸುವುದನ್ನೂ ಅವನು ಮರೆತಿಲ್ಲ.

ಯಾತ್ರೆ ವಿಹಾರದ್ದಾಗಲಿ ಧರ್ಮದ್ದಾಗಲಿ, ಮಳೆಗಾಲದಲ್ಲಿ ಹೊರಡಬಾರದೆಂಬುದು ಮಾತ್ರ ಆ ಕಾಲದವರಿಗೆಲ್ಲ ಒಪ್ಪಿತವಾಗಿತ್ತು. ಬೌದ್ಧ ಭಿಕ್ಷುಗಳಿಗೆ ವರ್ಷಾವಾಸ, ಜೈನ ಮುನಿಗಳಿಗೆ ಮತ್ತು ವೈದಿಕ ಸಂನ್ಯಾಸಿಗಳಿಗೆ ಚಾತುರ್ಮಾಸ್ಯ. ಹೆಸರು ಬೇರೆಯಾದರೂ ಮಳೆ ಬಿದ್ದ ಕೂಡಲೇ ಒಂದು ಕಡೆ ನೆಲೆನಿಲ್ಲಬೇಕೆಂಬ ಕಟ್ಟಳೆ ಒಂದೇ. ಹುಳುಹುಪ್ಪಟೆಗಳು ಕಾಲಿಗೆ ಸಿಕ್ಕಿ ಸಾಯಬಾರದೆಂಬ ಕಾರಣವನ್ನು ಶಾಸ್ತ್ರದವರು ಹೇಳುತ್ತಾರೆ. ಹೊಳೆ ದಾಟಲಾಗದೆಂಬ ಕಾರಣವನ್ನು ಬಾಯಿಬಿಟ್ಟು ಹೇಳುವ ಅಗತ್ಯ ಅವರಿಗೆ ತೋರಿರಲಾರದು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿರುವ ನಾಡಿಗಂತೂ ಈ ಮಾತು ಎರಡು ಪಟ್ಟು ಸಲ್ಲುತ್ತದೆ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಎರಡು ತೊರೆಗಳ ಎಡೆಯಲ್ಲಿರುವುದರಿಂದಲೇ ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡು ಎಂದು ಕರೆದವು. ಪಾರಸಿ ಬಲ್ಲವರು ದೋಆಬ್ ಎಂದರು. ವಿಚಿತ್ರವೆಂದರೆ ಎರಡು ಮಹಾನದಿಗಳನ್ನು ಮಗ್ಗುಲಲ್ಲಿಟ್ಟುಕೊಂಡ ಈ ನೆಲದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. 1876ರಿಂದ 78ರವರೆಗಿನ ಮಹಾಕ್ಷಾಮ ದಕ್ಷಿಣದ ಜಿಲ್ಲೆಗಳನ್ನೆಲ್ಲ ಹಿಂಡಿದಾಗ ಈ ನಾಡೂ ಉಳಿಯಲಿಲ್ಲ. ಇಂಥ ಕಡೆ ಮಳೆಯನ್ನು ‘ಕೆಟ್ಟ ಹವೆ’ ಎಂದು ಕರೆಯಲು ನಾಲಗೆ ಬರುವುದಿಲ್ಲ. ಮಳೆಯಿಂದ ಪ್ರವಾಸ ಕೆಟ್ಟಿತೆಂದು ಪೇಟೆಯವರು ಮುಖ ಸಿಂಡರಿಸಿದರೆ, ಎರೆಹೊಲದ ಒಕ್ಕಲಿಗನು ಮನಸ್ಸಿನಲ್ಲಿಯೇ ನಕ್ಕಾನು.

ಆದುದರಿಂದ ಇಲ್ಲಿಯವರು ತಮ್ಮ ವಿಹಾರವನ್ನು ಮಳೆಗೆ ಎದುರಾಗಿ ಇಟ್ಟುಕೊಳ್ಳಲಿಲ್ಲ. ಅದರ ಬೆನ್ನಿಗೆ ಇಟ್ಟುಕೊಂಡರು. ಸಿಂಧನೂರು ಸೀಮೆಯ ಅಂಬಾಮಠದ ಜಾತ್ರೆ ಬನದ ಹುಣ್ಣಿಮೆಗೆ. ಎಂದರೆ ಜನವರಿಯ ಚಳಿಯಲ್ಲಿ. ಲಿಂಗಸುಗೂರು ಸೀಮೆಯ ಗುರುಗುಂಟಾ ಅಮರೇಶ್ವರನ ತೇರು ಹೋಳಿ ಹುಣ್ಣಿಮೆಯ ಸುಮಾರಿಗೆ. ರಾಶಿ ಮನೆಗೆ ಬಂದಿರುತ್ತದೆ, ಹಳ್ಳಗಳು ಒಣಗಿರುತ್ತವೆ, ಎರೆಮಣ್ಣಿನ ದಾರಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬಂಡಿ ಹತ್ತಿದರೆ ಎತ್ತುಗಳು ತಾವಾಗಿಯೇ ದಾರಿ ಹಿಡಿಯುತ್ತಿದ್ದವು. ತಿರುಗುವ ತೊಟ್ಟಿಲು, ಬಳೆಯಂಗಡಿ, ಬೆಂಡುಬತ್ತಾಸು, ರಾತ್ರಿ ನಾಟಕದ ಡೇರೆ. ಇಂದು ಬೆಂಗಳೂರಿನ ಬದಿಯಲ್ಲಿ ಚೀಟಿ ಕೊಂಡು ಒಳಗೆ ಹೋಗುವ ವಿನೋದ ಉದ್ಯಾನಗಳಲ್ಲಿ ಸಿಗುವ ಸುಖವೆಲ್ಲ ಆಗ ದೇವರ ಹೆಸರಿನಲ್ಲಿ, ಬಯಲಿನಲ್ಲಿ, ಚೀಟಿಯಿಲ್ಲದೆ ಸಿಗುತ್ತಿತ್ತು. ಈ ಜಾತ್ರೆಗಳನ್ನು ಮಳೆ ಕೆಡಿಸುವುದು ಅಪರೂಪ. ಯಾರೂ ಕುಳಿತು ಲೆಕ್ಕ ಹಾಕಿ ತಿಥಿ ಗೊತ್ತುಮಾಡಿದರೆಂದು ನಾನು ಹೇಳಲಾರೆ. ಆದರೆ ಉಳಿದು ಬೆಳೆದು ದೊಡ್ಡವಾದ ಜಾತ್ರೆಗಳು ಒಣ ತಿಂಗಳಿನವೇ ಆಗಿರುವುದು ಬರಿಯ ಆಕಸ್ಮಿಕವೂ ಇರಲಾರದು.

ಈ ನಿಯಮಕ್ಕೆ ಸಿಗದ ಒಂದು ಹಬ್ಬ ಮಾತ್ರ ಇದೇ ನಾಡಿನಲ್ಲಿದೆ. ಮುದಗಲ್ಲಿನ ಮೊಹರಂ. ಹಿಂದೂ ಮುಸಲ್ಮಾನರೆನ್ನದೆ ಜನ ಸೇರುವ ಈ ಹಬ್ಬವು ಚಾಂದ್ರ ಪಂಚಾಂಗದ್ದಾದುದರಿಂದ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮುದಗಲ್ಲಿನ ಒಬ್ಬ ಮುದುಕ ತನ್ನ ಆಯುಷ್ಯದಲ್ಲಿ ಅದನ್ನು ಚಳಿಯಲ್ಲಿಯೂ ಬಿಸಿಲಿನಲ್ಲಿಯೂ ಕೆಸರಿನಲ್ಲಿಯೂ ಕಂಡಿರುತ್ತಾನೆ.

ಮಳೆ ಮತ್ತು ಮೋಜು ಒಂದೇ ದಡದಲ್ಲಿ ಕೂಡಿದರೆ ಏನಾಗುತ್ತದೆಂಬುದಕ್ಕೆ ಎಡೆದೊರೆಯ ಚರಿತ್ರೆಯಲ್ಲಿ ಒಂದು ಭಯಂಕರವಾದ ಕಥೆಯುಂಟು. 1398ರ ಸುಮಾರಿನಲ್ಲಿ ವಿಜಯನಗರದ ಎರಡನೆಯ ಹರಿಹರನು ಮುದಗಲ್ಲು ರಾಯಚೂರುಗಳ ಮೇಲೆ ಕಣ್ಣಿಟ್ಟು ದಂಡೆತ್ತಿ ಬಂದು ಕೃಷ್ಣೆಯ ತೆಂಕಣ ದಡದಲ್ಲಿ ಬೀಡುಬಿಟ್ಟಿದ್ದ. ಆಚೆಯ ದಡಕ್ಕೆ ಗುಲಬರ್ಗೆಯಿಂದ ಬಹಮನಿ ಸುಲ್ತಾನ ಫಿರೋಜ್ ಷಾ ಬಂದು ನಿಂತ. ನಡುವೆ ಹೊಳೆ ಎರಡು ದಡ ತುಂಬಿ ಹರಿಯುತ್ತಿತ್ತು. ಸುಲ್ತಾನನು ಸರದಾರರನ್ನು ಕೇಳಿದ. ಯಾರಿಗೂ ಉಪಾಯ ಹೊಳೆಯಲಿಲ್ಲ. ವಿಜಯನಗರದ ಪಾಳೆಯಕ್ಕೆ ಆ ಪ್ರವಾಹವೇ ಕೋಟೆಯಾಯಿತು. ಹೊಳೆ ಇಳಿಯುವವರೆಗೆ ಯುದ್ಧವಿಲ್ಲ. ಯುದ್ಧವಿಲ್ಲದ ಪಾಳೆಯದಲ್ಲಿ ಹಾಡು ಕುಣಿತಗಳಿಗೆ ಬರಗಾಲವೇ? ರಾಯನ ಜೊತೆಗೆ ಅವನ ಮಗನೂ ಬಂದಿದ್ದ.

ಆಗ ಕಾಜಿ ಸಿರಾಜ್ ಎಂಬುವನು ಕೆಲವರು ಸಂಗಡಿಗರೊಡನೆ ಫಕೀರರ ವೇಷದಲ್ಲಿ ಹೊಳೆ ದಾಟಿದ. ಪಾಳೆಯದ ನರ್ತಕಿಯೊಬ್ಬಳ ಸ್ನೇಹ ಗಳಿಸಿದ. ಅವಳು ರಾಜಕುಮಾರನ ಡೇರೆಗೆ ಹೊರಟ ರಾತ್ರಿ ತಾನೂ ವಾದ್ಯ ಬಾರಿಸಬಲ್ಲೆನೆಂದು ನುಡಿಸಿ ತೋರಿಸಿ, ಮೇಳದಲ್ಲಿ ಒಬ್ಬನಾಗಿ ಒಳಹೊಕ್ಕ. ಕುಣಿತ ನಡೆಯಿತು. ಹಾಸ್ಯ ನಡೆಯಿತು. ಕೊನೆಗೆ ಹಿರಿದ ಕಠಾರಿಗಳ ಕುಣಿತವಾಗುವಾಗ ಆ ಕಠಾರಿ ರಾಜಕುಮಾರನ ಎದೆಯಲ್ಲಿ ನೆಟ್ಟಿತು. ದೀಪಗಳು ಆರಿದವು. ಕತ್ತಲಲ್ಲಿ ಯಾರು ಯಾರನ್ನು ಕೊಲ್ಲುತ್ತಿದ್ದಾರೆಂದು ತಿಳಿಯದೆ ಪಾಳೆಯವೆಲ್ಲ ಅಲ್ಲೋಲಕಲ್ಲೋಲವಾಗಿರುವಾಗ ಸುಲ್ತಾನನ ಜನ ಹೊಳೆ ದಾಟಿ ಬಂದರು. ರಾಯನು ಮಗನ ಶವವನ್ನು ತೆಗೆದುಕೊಂಡು ವಿಜಯನಗರಕ್ಕೆ ಹಿಂತಿರುಗಿದ.

ಇದನ್ನು ಬರೆದವನು ಫೆರಿಷ್ತಾ. ಬಿಜಾಪುರದಲ್ಲಿ ಕುಳಿತು, ಘಟನೆಯಾದ ಎರಡು ಶತಮಾನಗಳ ಮೇಲೆ. 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದ ಸಿವೆಲ್ ಸಾಹೇಬನೂ ಅವನನ್ನೇ ಅನುಸರಿಸಿ ಈ ಪ್ರಸಂಗವನ್ನು ಹೇಳುತ್ತಾನೆ. ಫೆರಿಷ್ತಾನಿಗೆ ಕಥೆಯ ರುಚಿ ಹೆಚ್ಚು. ಒಂದೊಂದು ವಿವರವನ್ನೂ ನಂಬಬೇಕಾದುದಿಲ್ಲ. ಆದರೆ ಕೃಷ್ಣೆಯನ್ನು ಬಲ್ಲವರಿಗೆ ಈ ಕಥೆಯ ತಳಪಾಯ ನಂಬಲು ಯೋಗ್ಯವಾಗಿಯೇ ಕಾಣುತ್ತದೆ. ತುಂಬಿದ ಹೊಳೆಯ ದಡದಲ್ಲಿ ಹಾಯಾಗಿ ಕುಳಿತವನು ಹೊಳೆಯನ್ನು ತನ್ನ ಕಡೆಯದೆಂದು ತಿಳಿದುಬಿಡುತ್ತಾನೆ.

ದಾಟುವುದಕ್ಕೆ ಆಗ ಇದ್ದುದು ಹರಿಗೋಲು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಆನೆಗೊಂದಿಯ ಬಳಿ ಅದನ್ನು ಕಂಡು ಬೆರಗಾದ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಕೂಡಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ಆದರೆ ನೆಟ್ಟಗೆ ಹೋಗದು, ತಿರುಗುತ್ತಲೇ ಹೋಗುತ್ತದೆ ಎಂದು ಅವನು ಬರೆದಿದ್ದಾನೆ. ಅವನ ವರ್ಣನೆಯಲ್ಲಿ ಇಂದು ತಿದ್ದಬೇಕಾದುದು ಹೆಚ್ಚೇನೂ ಇಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಸಿಂಧನೂರಿನ ಎರೆಭೂಮಿಗೆ ನೀರು ತಂದ ಮೇಲೆ ನಾಡಿನ ಮುಖವೇ ಬದಲಾಯಿತು. ಜೋಳ ಹತ್ತಿಗಳ ಜಾಗದಲ್ಲಿ ಬತ್ತ; ಬತ್ತದೊಡನೆ ಆಂಧ್ರದ ಒಕ್ಕಲು, ಅವರ ‘ಕ್ಯಾಂಪು’ಗಳು; ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕ್ಯಾಂಪುಗಳು, ಅವರ ದುರ್ಗಾಪೂಜೆ. 1982ರ ಹೊತ್ತಿಗೆ ಲಿಂಗಸುಗೂರಿನ ಬದಿಗೆ ಕೃಷ್ಣೆಯ ಮೇಲೆ ನಾರಾಯಣಪುರದ ಬಸವಸಾಗರವೂ ಎದ್ದಿತು. ಒಣ ತಿಂಗಳುಗಳ ಜಾತ್ರೆಗಳು ಹಾಗೆಯೇ ಉಳಿದವು. ಆದರೆ ಅವುಗಳ ಮಗ್ಗುಲಿಗೆ ಹೊಸದೊಂದು ವಿಹಾರ ಹುಟ್ಟಿತು. ಅಣೆಕಟ್ಟು ನೋಡಲು ಹೋಗುವುದು. ಬರಿದಾದ ಅಣೆಕಟ್ಟನ್ನು ನೋಡಲು ಯಾರು ಹೋಗುತ್ತಾರೆ? ಗೇಟುಗಳೆದ್ದು ನೊರೆ ಧುಮುಕುವಾಗಲೇ ಹೋಗಬೇಕು. ಎಂದರೆ ಶ್ರಾವಣ ಭಾದ್ರಪದಗಳಲ್ಲಿ. ಯಾವ ಹೊಳೆಗೆ ಹೆದರಿ ಭಿಕ್ಷುಗಳು ಮೂರು ತಿಂಗಳು ಗುಹೆಯಲ್ಲಿ ಕುಳಿತರೋ ಅದೇ ಹೊಳೆಯನ್ನು ನೋಡಲು ನಾವು ಮಕ್ಕಳನ್ನು ಕರೆದುಕೊಂಡು ಹೊರಡತೊಡಗಿದೆವು. ಇದರಲ್ಲಿ ತಪ್ಪೇನೂ ಇಲ್ಲ. ನೀರು ಕಾಣದ ಸೀಮೆಯವರಿಗೆ ನೀರೇ ತೇರು.

2009ರಲ್ಲಿ ಇದರ ಇನ್ನೊಂದು ಮುಖ ಕಂಡಿತು. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಶೇಕಡ 20ಕ್ಕೂ ಹೆಚ್ಚು ಕಡಿಮೆಯಾಗಿ ಎಲ್ಲೆಲ್ಲಿಯೂ ಬರದ ಮಾತೇ ಇತ್ತು. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಹಬ್ಬದ ಬೆನ್ನಿಗೆ ಗಾಂಧಿ ಜಯಂತಿಯೂ ಸೇರಿ ಊರಿಗೆ, ಕ್ಷೇತ್ರಕ್ಕೆ ಹೊರಟ ಕುಟುಂಬಗಳು ಬಹಳ. ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಆ ದಿನಗಳಲ್ಲಿಯೇ ಉತ್ತರ ಕರ್ನಾಟಕದ ಮೇಲೆ ಬಂದು ನಿಂತಿತು. ಎರೆಮಣ್ಣಿನ ಗುಣ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮೊದಲ ಮಳೆಯನ್ನು ಬಿರುಕುಗಳು ಕುಡಿಯುತ್ತವೆ. ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲೆ ಬಿದ್ದುದೆಲ್ಲ ಹಳ್ಳಕ್ಕೆ. ಹಗಲು ಒಣಗಿದ್ದ ಹಳ್ಳ ಸಂಜೆಗೆ ರಸ್ತೆಯ ಸೇತುವೆ ಮೀರಿ ಹರಿಯುತ್ತದೆ. ದಿನಗಟ್ಟಲೆ ನೆನೆದ ಮಣ್ಣಿನ ಮಾಳಿಗೆಗಳು ಒಳಗಿದ್ದವರ ಮೇಲೆ ಕುಸಿದವು. ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು.

ಈ ನಾಡಿನ ಮನೆಮನೆಯವರೂ ಒಮ್ಮೆಯಾದರೂ ಹೋಗಿಬರುವ ಮಂತ್ರಾಲಯಕ್ಕೆ ತುಂಗಭದ್ರೆ ನುಗ್ಗಿದ್ದು ಆಗಲೇ. ಅಕ್ಟೋಬರ್ 2ರ ಹೊತ್ತಿಗೆ ಮಠ, ಛತ್ರ, ಬೀದಿಗಳೆಲ್ಲ ನೀರಿನಲ್ಲಿ. ರಾಯರ ದರ್ಶನಕ್ಕೆಂದು ಬಂದ ಸಂಸಾರಗಳು ಮೇಲಿನ ಅಂತಸ್ತುಗಳಿಗೆ, ಮಾಳಿಗೆಗಳಿಗೆ ಏರಿ ದೋಣಿಯನ್ನೋ ಹೆಲಿಕಾಪ್ಟರನ್ನೋ ಕಾದರು. ಕೆಳಗೆ ಕರ್ನೂಲು ನಗರ ಮುಳುಗಿತು. ಶ್ರೀಶೈಲದ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ನೀರು ಬಂದಿತು. ಮೊನ್ನೆಯವರೆಗೆ ಮಳೆಗೆಂದು ಹರಕೆ ಹೊತ್ತವರೇ ಈಗ ಮಳೆ ನಿಲ್ಲಲೆಂದು ಅದೇ ದೇವರನ್ನು ಬೇಡಬೇಕಾಯಿತು.

ಅದಕ್ಕೆ ಹತ್ತು ವರ್ಷದ ಮೇಲೆ, 2019ರ ಆಗಸ್ಟ್ ತಿಂಗಳಿನಲ್ಲಿ, ಎಡೆದೊರೆಯ ಎರಡು ಹೊಳೆಗಳೂ ಒಂದೇ ವಾರ ಉಕ್ಕಿದವು. ನಮ್ಮ ಕಡೆ ಹೊಳೆಯ ನಡುವಿನ ನೆಲಕ್ಕೆ ಗಡ್ಡಿ ಎನ್ನುತ್ತಾರೆ. ಹಂಪಿಯ ಎದುರು, ತುಂಗಭದ್ರೆಯ ವಿರೂಪಾಪುರ ಗಡ್ಡಿಯಲ್ಲಿ ಆಗ ರೆಸಾರ್ಟುಗಳಿದ್ದವು. ರಜೆ ಕಳೆಯಲು ಬಂದ ನೂರಾರು ಪ್ರವಾಸಿಗರು, ಪರದೇಶದವರೂ ಸೇರಿ, ಅಲ್ಲಿ ಸಿಕ್ಕಿಬಿದ್ದರು. ವಿಪತ್ತು ಪಡೆಯವರು ಬಂದರು, ದೋಣಿ ಬಂದಿತು, ಹೆಲಿಕಾಪ್ಟರು ಬಂದಿತು. ಬಿಡಿಸಲು ಹೋದವರ ದೋಣಿಯೇ ಮಗುಚಿ, ಕೊಚ್ಚಿಹೋದವರನ್ನು ಮೇಲಿನಿಂದ ಎತ್ತಿಕೊಳ್ಳಬೇಕಾಯಿತು. ಪತ್ರಿಕೆಗಳಲ್ಲೆಲ್ಲ ಚಿತ್ರಗಳು. ಪ್ರವಾಸಿಗರು ಉಳಿದು ಊರು ಸೇರಿದರು. ಮುಂದಿನ ವರ್ಷ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಆ ರೆಸಾರ್ಟುಗಳನ್ನೇ ಕೆಡವಿಹಾಕಿದರು.

ಅದೇ ವಾರ ಕೃಷ್ಣೆಯಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿಯ ಸೇತುವೆ ಮುಳುಗಿತು. ಆಚೆಗೆ ಜಲದುರ್ಗದ ಸುತ್ತಿನ ಊರುಗಳ ದಾರಿ ಕಡಿಯಿತು. ಹೊಳೆಯೊಳಗೆ ಕರಕಲಗಡ್ಡಿ, ಮ್ಯಾದರಗಡ್ಡಿಗಳಂಥ ಪುಟ್ಟ ಗಡ್ಡಿಗಳಲ್ಲಿ ಇರುವವರು ರಜೆಗೆ ಬಂದವರಲ್ಲ. ತಲೆತಲಾಂತರದಿಂದ ಅಲ್ಲಿಯೇ ಉತ್ತು ಬಿತ್ತುವವರು. ಆಡು ಕುರಿ ದನಗಳನ್ನು ಬಿಟ್ಟು ದೋಣಿ ಹತ್ತೆಂದರೆ ಹತ್ತುವುದು ಅವರಿಗೆ ಸುಲಭವಲ್ಲ. ಸೇತುವೆಯ ಬೇಡಿಕೆ ಹಳೆಯದು. ಆಚೆಗೆ ಜಾಗ ಕೊಡಿರೆಂಬ ಬೇಡಿಕೆಯೂ ಹಳೆಯದು. ಹೊಳೆ ಇಳಿದಾಗ ಬೇಡಿಕೆಯ ಸುದ್ದಿಯೂ ಇಳಿಯುತ್ತದೆ. ಪಾಯಿಸ್ ಬರೆದ ಆ ದುಂಡು ಹರಿಗೋಲಿನ ಮೇಲೆಯೇ ಅವರ ಉಪ್ಪು, ಎಣ್ಣೆ, ಕಾಯಿಲೆಯವರು, ಹೆರಿಗೆಯವರು ಎಲ್ಲ.

ಜಲದುರ್ಗದ ಕೋಟೆಯ ಮೇಲಿನಿಂದ ಕೃಷ್ಣೆ ಕವಲೊಡೆದು ಹರಿಯುವುದನ್ನು ನೋಡಲು ಶ್ರಾವಣದಲ್ಲಿ ಜನ ಹೋಗುತ್ತಾರೆ. ಹೊರಡುವ ಮುನ್ನ ಲಿಂಗಸುಗೂರಿನಲ್ಲಿ ಯಾರನ್ನಾದರೂ ಕೇಳುವ ಮಾತು: “ನಾರಾಯಣಪುರದಾಗ ಇವತ್ತು ಎಷ್ಟು ಗೇಟು ಎತ್ತ್ಯಾರ್ರೀ?” ಹೆಚ್ಚು ಎತ್ತಿದ್ದರೆ ಬುತ್ತಿ ಕಟ್ಟಿ ಹೊರಡುತ್ತಾರೆ. ಗಡ್ಡಿಯವನು ಸಂತೆಗೆ ಬಂದಾಗ ಕೇಳುವುದೂ ಇದೇ ಮಾತನ್ನು. ಹೆಚ್ಚು ಎತ್ತಿದ್ದರೆ ಅವನು ಸಂತೆಯನ್ನು ಅರ್ಧಕ್ಕೆ ಬಿಟ್ಟು, ಕೊಂಡಷ್ಟನ್ನು ಹೆಗಲಿಗೇರಿಸಿ, ಬೆಳಕಿರುವಾಗಲೇ ಹರಿಗೋಲಿನ ಕಡೆಗೆ ನಡೆಯುತ್ತಾನೆ.