ಪ್ರಥಮ ಪ್ಲೇಟಿನ ಪ್ರಭಾವ

ಗಾಯಕನ ಕೀರ್ತಿಯನ್ನು ಅಳೆಯುವವರು ಅವನ ಬಿರುದುಗಳನ್ನು ಎಣಿಸುವುದುಂಟು. ಮೊದಲ ಧ್ವನಿಮುದ್ರಿಕೆಯನ್ನು ನೆನೆಯುವವರು ವಿರಳ. ಗದುಗಿನ ಸೀಮೆಯಲ್ಲಿ 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರ ವಿಷಯದಲ್ಲಿ ಈ ಮರೆವು ಸಲ್ಲದು. ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ಠುಮರಿಯ ಗ್ರಾಮೋಫೋನು ಪ್ಲೇಟನ್ನು ಕೇಳಿ ಪರವಶರಾದ ಅವರು 1933ರಲ್ಲಿ ಗುರುವನ್ನರಸುತ್ತ ಮನೆಯನ್ನೇ ತೊರೆದರು. ಕಡೆಗೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದರು. 1942ರಲ್ಲಿ ಅವರ ಕಂಠವೇ ಪ್ಲೇಟನ್ನೇರಿತು. ಎಚ್.ಎಂ.ವಿ. ಸಂಸ್ಥೆಯು ಹೊರತಂದ ಆ ಪ್ರಥಮ ಮುದ್ರಿಕೆಯಲ್ಲಿದ್ದವು ಕನ್ನಡ-ಹಿಂದಿ ಭಕ್ತಿಗೀತೆಗಳು.

ಅಂದಿನ ಪ್ಲೇಟಿನ ಒಂದು ಮುಖಕ್ಕೆ ಸುಮಾರು ಮೂರು ನಿಮಿಷಗಳಷ್ಟೇ ಅವಕಾಶ. ಅಲ್ಲಿ ರಾಗವಿಸ್ತಾರಕ್ಕೆ ಎಡೆಯೆಲ್ಲಿ? ಭಕ್ತಿಪದಕ್ಕಾದರೋ ಅಷ್ಟೇ ಸಾಕಾಗಿದ್ದಿತು. ಮುಂದೆ ಕಿರಾಣಾ ಘರಾಣೆಯ ಖ್ಯಾಲಿನಿಂದ ವಿಮರ್ಶಕರ ಮನ್ನಣೆ ದೊರೆತರೂ, 2008ರಲ್ಲಿ ಭಾರತರತ್ನವೇ ಒಲಿದರೂ ಅವರು ಆ ಮೊದಲ ದಾರಿಯನ್ನು ಬಿಡಲಿಲ್ಲ. ಪುರಂದರದಾಸರ ಪದಗಳನ್ನು ಹಿಂದೂಸ್ಥಾನೀ ರಾಗಗಳಲ್ಲಿ ಹಾಡಿ, ದಾಸವಾಣಿಗೆ ಮಹಾಸಭೆಗಳಲ್ಲಿ ಪೀಠವನ್ನು ಕಲ್ಪಿಸಿದರು.

ಈ ಋಣವು ನಮ್ಮ ನೆಲಕ್ಕೂ ಸಂಬಂಧಿಸಿದುದು. ಪುರಂದರದಾಸರ ಗುರುಗಳಾದ ವ್ಯಾಸರಾಯರ ವೃಂದಾವನವು ಗಂಗಾವತಿ ಸೀಮೆಯ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವುದು. 1948ರವರೆಗೆ ಕೊಪ್ಪಳವು ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ನೆರೆಯ ಗದುಗು ಮುಂಬಯಿ ಪ್ರಾಂತಕ್ಕೆ. ಅರಸೊತ್ತಿಗೆಗಳು ಗಡಿಯನ್ನೆಳೆದವು, ಪದಗಳು ಅದನ್ನು ಲೆಕ್ಕಿಸಲಿಲ್ಲ.

ಜೋಶಿಯವರು 2011ರಲ್ಲಿ ಕಾಲವಾದರು. ಆ ಮೊದಲ ಪ್ಲೇಟನ್ನು ಎಂದೂ ಕೇಳದ ಕುಷ್ಟಗಿ, ಯಲಬುರ್ಗೆಯ ಮನೆಗಳಲ್ಲಿಯೂ ಲಕ್ಷ್ಮೀಪೂಜೆಯ ಹೊತ್ತಿಗೆ ಆ ಕಂಠವೇ ಮೊಳಗುವುದು. ಬೀಜವು ಕಣ್ಮರೆಯಾದುದೇ ಬೆಳೆಗೆ ಸಾಕ್ಷಿಯಲ್ಲವೇ?